ಎತ್ತಿನ ಸೋಮವಾರ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ. ಅದು ಬಸವಣ್ಣನ ವಾರ. ಹೆಣ್ಣುಮಕ್ಕಳ ಹೆಗಲಿಗೆ ಯಾವ ವಾರವೂ ಇಲ್ಲ ಎಂಬುದೂ ಹೀಗೆಯೇ, ಯಾರೂ ಹೇಳಿಕೊಡದೆ ಗೊತ್ತಾಗುವ ಸಂಗತಿ.

ಮಸ್ಕಿಯಲ್ಲಿ ಹಳ್ಳಕ್ಕೆ ಹೋಗುವ ದಾರಿಯ ಬದಿಗೆ ನಮ್ಮ ಮನೆ. ಮನೆಗೆ ಹೊಂದಿಕೊಂಡ ಚಪ್ಪರದಲ್ಲಿ ಗಾಣ. ನೆಲದಲ್ಲಿ ಹೂತ ದೊಡ್ಡ ಕಲ್ಲಿನ ಒರಳು, ಅದರೊಳಗೆ ಓರೆಯಾಗಿ ನಿಂತ ಮರದ ಒನಕೆ, ಒನಕೆಗೆ ಬಿಗಿದ ಉದ್ದನೆಯ ತೊಲೆ. ತೊಲೆಯ ಮೇಲೆ ಭಾರಕ್ಕೆ ಕಲ್ಲು ಹೇರಿ, ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಸುತ್ತಿಸಿದರೆ ಒರಳಿನಲ್ಲಿ ಕುಸುಬಿ ಅರೆದು ಎಣ್ಣೆ ಬಿಡುತ್ತಿತ್ತು. ಗಾಣ ಅಪ್ಪನದು. ರಜಾಕಾರರ ಗದ್ದಲದಲ್ಲಿ ನಿಜಾಮನ ಗಡಿಯಾಚೆಗೆ ಹೋಗಿ ಉಳಿದಿದ್ದ ಅಪ್ಪ ಅಲ್ಲೇ ವಾಂತಿಭೇದಿಯಾಗಿ ತೀರಿಕೊಂಡ. ನಿಜಾಮನ ರಾಜ್ಯ ಮುಗಿಯಿತೆಂಬ ಸುದ್ದಿಯೂ ಅಪ್ಪನ ಸುದ್ದಿಯೂ ಹಿಂದುಮುಂದಾಗಿ ಬಂದವು. ಊರೆಲ್ಲ ಸಕ್ಕರೆ ಹಂಚುವಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನನಗೆ ಆಗ ಐದಾರು ವರ್ಷ. ತಂಗಿ ಅವ್ವನ ಹೊಟ್ಟೆಯಲ್ಲಿದ್ದಳು.

ಸಾವಿನ ದಿನಗಳು ಮುಗಿದ ಮೇಲೆ ಅಪ್ಪನ ಅಣ್ಣ ಬಂದ. ಗಾಣ ತಾನು ನಡೆಸುತ್ತೇನೆಂದೂ ನಮ್ಮ ಹೊಟ್ಟೆಗೆ ಕಾಳುಕಡಿ ಹಾಕುತ್ತೇನೆಂದೂ ಹೇಳಿದ. ಅಜ್ಜಿ, ಎಂದರೆ ಅಪ್ಪನ ತಾಯಿ, ಎಲೆ ಅಡಿಕೆ ಅಗಿಯುತ್ತ ಕೂತಿದ್ದಳು. ಅವ್ವ ಬಾಗಿಲ ಹಿಂದೆ ನಿಂತು ಸೆರಗಿನೊಳಗಿಂದಲೇ ಉತ್ತರ ಕೊಟ್ಟಳು.

"ಗಾಣ ಅವರದಿತ್ರಿ ಭಾವಾ. ಈಗ ನಂದು. ನಾನ ನಡಸ್ತೀನಿ."

ದೊಡ್ಡಪ್ಪ ನಕ್ಕ. ಸೋಮವಾರ ಒಂದು ಬಿಟ್ಟು ಬೇರೆ ಯಾವ ದಿನ ಗಾಣ ನಿಂತರೂ ಅವತ್ತೇ ಬಂದು ತನ್ನ ಎತ್ತು ಕಟ್ಟುತ್ತೇನೆ ಎಂದು ಹೇಳಿ ಹೋದ. ಆ ಮಾತು ನಮ್ಮ ಮನೆಯ ಜಂತಿಯಲ್ಲಿ ಹಾವು ಸೇರಿಕೊಂಡ ಹಾಗೆ ವರ್ಷಗಟ್ಟಲೆ ಉಳಿಯಿತು. ಆಮೇಲೆ ಅವ್ವನಿಗೆ ಜ್ವರ ಬಂದರೂ ಗಾಣ ನಿಲ್ಲಲಿಲ್ಲ. ಬಾಣಂತಿಯಾಗಿ ತಿಂಗಳು ತುಂಬುವ ಮೊದಲೇ ತಲೆಗೆ ಬಟ್ಟೆ ಬಿಗಿದುಕೊಂಡು ಹೊರಗೆ ಬಂದಳು. ತೊಲೆಯ ಮೇಲಿನ ಕಲ್ಲು ಅರ್ಧ ಇಳಿಸಿ, ಆ ಭಾರಕ್ಕೆ ತಾನೇ ಕೂತು, ಕೂಸಿಗೆ ಮೊಲೆ ಕೊಡುತ್ತ ಸುತ್ತಿದಳು. ತಂಗಿ ಹಾಲು ಕುಡಿದದ್ದು ಸುತ್ತುತ್ತ, ಮಲಗಿದ್ದು ಸುತ್ತುತ್ತ. ನಡೆಯಲು ಕಲಿತದ್ದೂ ಎತ್ತಿನ ಬಾಲದ ಹಿಂದೆ, ದುಂಡಗೆ. ನೋಡಿದವರು ಮೆಚ್ಚುತ್ತಿದ್ದರು, ಗಂಡಸಿನಂಥ ಹೆಣ್ಣುಮಗಳು ಎನ್ನುತ್ತಿದ್ದರು. ನನಗೆ ಈಗಲೂ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಯಾವ ಗಂಡಸು ಮೊಲೆ ಕೊಡುತ್ತ ಗಾಣ ಆಡಿಸಿದ್ದ?

ವಾರಕ್ಕೆ ಆರು ದಿನ ಅವ್ವ ನಮಗೆ ಗಾಣಗಿತ್ತಿ. ಮಾತಾಡಿದರೆ ಸುತ್ತುತ್ತಲೇ ಮಾತು, ಬೈದರೆ ಸುತ್ತುತ್ತಲೇ ಬೈಗುಳ. ನಮ್ಮ ಕಡೆ ಬಂದಾಗ ಅರ್ಧ ಕೇಳಿಸುತ್ತಿತ್ತು, ಆಚೆ ತಿರುಗಿದಾಗ ಇನ್ನರ್ಧವನ್ನು ಎತ್ತಿಗೆ ಹೇಳಿದ ಹಾಗಾಗುತ್ತಿತ್ತು. ಏಳನೆಯ ದಿನ ಎತ್ತಿಗೆ ವಾರ. ಅಜ್ಜಿ ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೈ ಮುಗಿಯುತ್ತಿದ್ದಳು. ಎತ್ತು ಮಲಗುತ್ತಿತ್ತು, ನಮಗೆ ಅವ್ವ ಸಿಗುತ್ತಿದ್ದಳು.

ಗಾಣಿಗರ ಮಕ್ಕಳಾದರೂ ನಮ್ಮ ತಲೆ ಎಣ್ಣೆ ಕಾಣುತ್ತಿದ್ದದ್ದು ಸೋಮವಾರವೇ. ಹಂಡೆಯ ಬಿಸಿನೀರಲ್ಲಿ ಮೀಸಿ, ಬಿಸಿಲಿಗೆ ಕೂರಿಸಿ, ಅವ್ವ ಬಾಚುತ್ತಿದ್ದಳು. ಮೊದಲು ನನಗೆ ಬೇಗ ಬೇಗ, ಆಮೇಲೆ ತಂಗಿಗೆ ಸಾವಕಾಶ. ತಂಗಿಯ ಕೂದಲು ದಟ್ಟ. ಅವಳು ಕಣ್ಣು ಮುಚ್ಚಿ ಬೆಕ್ಕಿನ ಮರಿಯ ಹಾಗೆ ಕೂತಿರುತ್ತಿದ್ದಳು. ಆ ಜಡೆಯನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ವಾರದ ನಡುವೆ ಒಮ್ಮೆ ನಾನು ಬಿಚ್ಚಿ ಕಟ್ಟಲು ಹೋಗಿ ಕೈ ಕಚ್ಚಿಸಿಕೊಂಡಿದ್ದೆ. ಸೋಮವಾರದ ಜಡೆ ಮುಂದಿನ ಸೋಮವಾರದವರೆಗೆ, ಹಿಂಡಿಯ ಪುಡಿ ಸೇರಿಕೊಂಡು, ಹಗ್ಗದ ತುಂಡಿನ ಹಾಗೆ ಬೆನ್ನ ಮೇಲೆ ಇರುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ಅವಳು ಕೇಳುವ ಮೊದಲ ಮಾತು, ಇವತ್ತು ಸೋಮವಾರವೇ ಎಂದು. ಅಲ್ಲ ಎಂದರೆ ಮತ್ತೆ ಮುಸುಕು.

ಸೋಮವಾರವೂ ಗಿರಾಕಿಗಳು ಬರುತ್ತಿದ್ದರು. ಅವ್ವ ಬಾಚಣಿಗೆ ಕೆಳಗಿಡದೆ, "ಎತ್ತಿಗೆ ವಾರ ಐತ್ರಿ" ಎನ್ನುತ್ತಿದ್ದಳು. ಅವರು ಮರುಮಾತಾಡದೆ ಹೋಗುತ್ತಿದ್ದರು. ನನಗೆ ಸಾಕಾಗಿದೆ, ಮಕ್ಕಳ ತಲೆ ಬಾಚಬೇಕಾಗಿದೆ ಎಂದಿದ್ದರೆ ಒಬ್ಬರಾದರೂ ಹೋಗುತ್ತಿದ್ದರೇ? ಎತ್ತಿನ ಹೆಸರು ಹೇಳಿ ಅವ್ವ ಒಂದು ದಿನ ಉಳಿಸಿಕೊಂಡಿದ್ದಳು.

ಆಮೇಲೆ ಸಿಂಧನೂರಿನ ಕಡೆ ಕಾಲುವೆ ಅಗೆಯುವ ಕೆಲಸ ಜೋರಾಯಿತು. ಎಲ್ಲೆಲ್ಲಿಂದಲೋ ಕೂಲಿ ಜನ ಬಂದು ಗುಡಿಸಲು ಹಾಕಿದರು. ಅವರಿಗೆ ಅಡಿಗೆ ಮಾಡಿಸಿ ಹಾಕುವ ಗುತ್ತೇದಾರನೊಬ್ಬ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತ ನಮ್ಮ ಗಾಣಕ್ಕೆ ಬಂದ. ಅಂಗೈಯಲ್ಲಿ ಎಣ್ಣೆ ಹಾಕಿಸಿಕೊಂಡು ಮೂಸಿ, ನೆಕ್ಕಿ, ಇಂಥದ್ದೇ ಬೇಕೆಂದ. ಮಂಗಳವಾರಕ್ಕೊಮ್ಮೆ ಅವನ ಗಾಡಿ ಡಬ್ಬಿ ಹೊತ್ತು ಬರತೊಡಗಿತು. ಬರುಬರುತ್ತ ಡಬ್ಬಿಗಳು ಹೆಚ್ಚಾದವು. ಊರವರು ತಂದ ಕಾಳನ್ನೂ ಆಡಿಸಿ ಅವನಿಗೂ ಒದಗಿಸಲು ಆರು ದಿನ ಸಾಲದಾಯಿತು. ಎರಡು ಸಲ ಗಾಡಿ ಅರೆ ಖಾಲಿ ಮರಳಿತು. ಆಗ ದೊಡ್ಡಪ್ಪ ಅವನನ್ನು ಚಹಾ ಅಂಗಡಿಯಲ್ಲಿ ಕೂರಿಸಿಕೊಂಡು, ಹೆಂಗಸಿನ ಕೈಯಲ್ಲಿ ಇಷ್ಟೇ ಆಗೋದು, ಗಾಣ ತನ್ನ ಕೈಗೆ ಬರಲಿ ನೋಡು ಎಂದನಂತೆ. ಸುದ್ದಿ ಮನೆಗೆ ಬರಲು ತಡವಾಗಲಿಲ್ಲ.

ಅವತ್ತು ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಅಜ್ಜಿಯ ಮುಂದೆ ಕೂತಳು. ಸೋಮವಾರ ಎತ್ತು ಹೂಡಲು ಅಪ್ಪಣೆ ಕೇಳುವ ಧೈರ್ಯ ಅವಳಿಗಿರಲಿಲ್ಲ. ಏನು ಮಾಡಲಿ ಎಂದಷ್ಟೇ ಕೇಳಿದಳು. ಅಜ್ಜಿ ಎಲೆ ಅಡಿಕೆ ಅಗಿದು ಅಗಿದು ಕೊನೆಗೆ ಬಾಯಿ ಬಿಟ್ಟಳು.

"ಎತ್ತಿಗೆ ವಾರ ತಪ್ಪಸಬ್ಯಾಡ. ಕೋಣ ಏನ್ ಬಸವಣ್ಣ ಅಲ್ಲಲ್ಲ. ಕೋಣಕ್ಕ ವಾರ ಇಲ್ಲ."

ಧರ್ಮದಲ್ಲಿ ಸಂದು ಹುಡುಕುವ ವಿಷಯಕ್ಕೆ ನಮ್ಮಜ್ಜಿಯಂಥ ವಕೀಲರು ಲಿಂಗಸೂಗೂರಿನ ಕಚೇರಿಯಲ್ಲೂ ಇರಲಿಲ್ಲ. ಎತ್ತು ಏರಿಗೆ ಕೋಣ ನೀರಿಗೆ ಎಂಬ ಗಾದೆಯನ್ನು ಅವಳು ಜಗಳಾಡುವ ಪ್ರತಿ ಗಂಡಹೆಂಡಿರಿಗೂ ಹೇಳುತ್ತಿದ್ದಳು. ಅವತ್ತು ಅದು ಅವಳಿಗೂ ನೆನಪಾಗಲಿಲ್ಲ, ಅವ್ವನಿಗೂ ಆಗಲಿಲ್ಲ. ಗುರುಗುಂಟಾದಿಂದ ಕೋಣ ಬಂತು. ಕರ್ರಗೆ, ಕೊಬ್ಬಿದ ಕುತ್ತಿಗೆ, ಮಂದ ಕಣ್ಣು. ಎತ್ತು ನೆರಳಲ್ಲಿ ಮಲಗಿ ಮೆಲುಕಾಡುತ್ತ ನೋಡುತ್ತಿರಲು ಸೋಮವಾರದ ಗಾಣ ತಿರುಗಿತು.

ಮೊದಲ ಸೋಮವಾರ ತಂಗಿ ಬಾಚಣಿಗೆ ಹಿಡಿದು ಬಚ್ಚಲ ಕಲ್ಲಿನ ಮೇಲೆ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ನಾನು ಕರೆದೆ, ಅಜ್ಜಿ ಬೆಲ್ಲ ತೋರಿಸಿದಳು. ಅಳಲೂ ಇಲ್ಲ, ಕೂತೇ ಇದ್ದಳು. ಎರಡನೆಯ ವಾರವೂ ಹೀಗೇ. ಮೂರನೆಯ ವಾರ ಅವ್ವನೇ ಉಪಾಯ ಹುಡುಕಿದಳು. ನಸುಕಿನಲ್ಲಿ ಬೇಗ ಮೀಸಿ, ತಂಗಿಯನ್ನು ತೊಲೆಯ ಮೇಲೆ ತನ್ನ ಮುಂದೆ ಕೂರಿಸಿಕೊಂಡು, ಗಾಣ ಸುತ್ತುತ್ತಿದ್ದಂತೆಯೇ ತಲೆ ಬಾಚಿದಳು. ಕೋಣವೂ ಹದವಾಗಿ ನಡೆಯಿತು. ಜಡೆ ಮುಗಿಯುವ ಹೊತ್ತಿಗೆ ಎಣ್ಣೆಯೂ ಇಳಿದಿತ್ತು. ಅವ್ವ ನನ್ನ ಕಡೆ ತಿರುಗಿ, "ಎರಡೂ ಆತು ನೋಡು" ಎಂದಳು. ಅಪ್ಪ ಸತ್ತ ಮೇಲೆ ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ದುಡಿಮೆಯೂ ಬಿಡದೆ, ಮಗಳೂ ಬಿಡದೆ, ಒಂದೇ ತೊಲೆಯ ಮೇಲೆ. ಕೆಲವು ಸೋಮವಾರ ಹಾಗೆಯೇ ನಡೆಯಿತು.

ಬೇಸಿಗೆ ಬಂತು. ಆ ಸೋಮವಾರ ಕಾಳು ಹೆಚ್ಚಿತ್ತು, ಬಾಚುವುದು ಮಧ್ಯಾಹ್ನಕ್ಕೆ ಹೋಯಿತು. ಬಿಸಿಲು ಕೆಂಡ. ತಂಗಿ ಎರಡೂ ಕೈ ತೊಲೆಗೆ ಊರಿ, ಕಣ್ಣು ಮುಚ್ಚಿ ಕೂತಿದ್ದಳು. ಅವ್ವನ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕೂದಲು. ಕೋಣದ ಹಗ್ಗ ಮೊಣಕಾಲ ಕೆಳಗೆ ಸಿಕ್ಕಿಸಿತ್ತು. ಅಷ್ಟರಲ್ಲಿ ಊರ ಎಮ್ಮೆಗಳ ಹಿಂಡು ನಮ್ಮ ಬಾಗಿಲ ಮುಂದೆಯೇ ಹಳ್ಳಕ್ಕೆ ಹೊರಟಿತು. ಕೋಣದ ಕಣ್ಣಿಗೆ ಬಟ್ಟೆ ಕಟ್ಟಿದ್ದೆವು, ಕಿವಿಗೆ ಕಟ್ಟಿರಲಿಲ್ಲ. ಗಂಟೆಯ ಸದ್ದು ಕೇಳಿದ್ದೇ ಅದು ಒಮ್ಮೆ ಕುತ್ತಿಗೆ ಎತ್ತಿ, ಸುತ್ತುವ ದಾರಿ ಬಿಟ್ಟು, ನೇರ ನೀರಿನ ಕಡೆ ಎಳೆಯಿತು. ತೊಲೆ ಕಳಚಿ ಮಗುಚಿತು. ಹೇರಿದ ಕಲ್ಲುಗಳು ಜಾರಿದವು. ಅವ್ವ ಆಚೆ ಬಿದ್ದಳು. ತಂಗಿಯ ಬಲಗೈ ತೊಲೆಗೂ ಒರಳಿಗೂ ನಡುವೆ ಸಿಕ್ಕಿತು.

ಅಕ್ಕಪಕ್ಕದವರು ಬಂದು ತೊಲೆ ಎತ್ತಿದರು. ಕೈ ಹೇಗಿತ್ತೆಂದು ನಾನು ಬರೆಯುವುದಿಲ್ಲ. ಲಿಂಗಸೂಗೂರಿನ ದವಾಖಾನೆಗೆ ಒಯ್ಯಬೇಕು. ಮೋಟಾರು ಬಸ್ಸು ಬೆಳಿಗ್ಗೆಯೇ ಹೋಗಿತ್ತು. ಪಕ್ಕದ ಮನೆಯವನ ಹತ್ತಿರ ಗಾಡಿಯಿತ್ತು, ಜೋಡಿಯಲ್ಲಿ ಒಂದು ಎತ್ತು ಕುಂಟುತ್ತಿತ್ತು. ಅವನು ನಮ್ಮ ಎತ್ತನ್ನು ನೋಡಿ ಅಜ್ಜಿಯ ಮುಖ ನೋಡಿದ. ಸೋಮವಾರ. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು. ಅಜ್ಜಿ ತಾನೇ ಹೋಗಿ ಕಣ್ಣಿ ಬಿಚ್ಚಿ, ಎತ್ತನ್ನು ಎಳೆದು ತಂದು ನೊಗದ ಕೆಳಗೆ ನಿಲ್ಲಿಸಿದಳು.

"ಹೂಡಪ್ಪಾ. ಪಾಪ ಬಂದ್ರ ನನಗ ಬರ್ಲಿ."

ನಾನೂ ಗಾಡಿ ಹತ್ತಿದೆ. ತಂಗಿಯನ್ನು ನನ್ನ ತೊಡೆಯ ಮೇಲೆ ಮಲಗಿಸಿದ್ದರು. ಊರು ದಾಟುತ್ತಲೇ ಗೊತ್ತಾಯಿತು, ನಮ್ಮ ಎತ್ತಿಗೆ ನೇರ ನಡೆಯುವುದೇ ಮರೆತುಹೋಗಿದೆ. ವರ್ಷಗಟ್ಟಲೆ ಎಡಕ್ಕೆ ಸುತ್ತಿದ ಪ್ರಾಣಿ. ನಾಲ್ಕು ಮಾರು ಹೋಗುವುದರೊಳಗೆ ಎಡಕ್ಕೆ ವಾಲಿ ಗಾಡಿಯನ್ನು ರಸ್ತೆಯಿಂದ ಹೊಲಕ್ಕೆ ಇಳಿಸುತ್ತಿತ್ತು. ಹೊಡೆದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಸುತ್ತಲು ಹೋಗುತ್ತಿತ್ತು. ಗಾಡಿ ಅಲುಗಿದಾಗೆಲ್ಲ ತಂಗಿ ಕಿರುಚುತ್ತಿದ್ದಳು. ಕಡೆಗೆ ಅವ್ವ ಕೆಳಗಿಳಿದು, ಅದರ ಮೂಗುದಾರವನ್ನು ಬಲಕ್ಕೆ ಜಗ್ಗಿ ಹಿಡಿದು, ಬರಿಗಾಲಲ್ಲಿ ಲಿಂಗಸೂಗೂರಿನವರೆಗೂ ನಡೆದಳು. ಒಂದು ಸಲವೂ ಹಿಂತಿರುಗಿ ಮಗಳ ಮುಖ ನೋಡಲಿಲ್ಲ. ನೋಡಿದರೆ ಎತ್ತು ದಾರಿ ಬಿಡುತ್ತಿತ್ತು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಬಾಚಣಿಗೆ. ಅದನ್ನು ಯಾವಾಗ ಸಿಕ್ಕಿಸಿಕೊಂಡಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ.

ಡಾಕ್ಟರು ಒಳ್ಳೆಯವರು. ಜೀವ ಉಳಿಯಬೇಕಾದರೆ ಕೈಯನ್ನು ಮಣಿಕಟ್ಟಿನಿಂದ ತೆಗೆಯಬೇಕು ಎಂದರು. ಅವ್ವ ಹೂಂ ಎಂದಳು.

ಮರುದಿನ ಬೆಳಿಗ್ಗೆ ನಾನು ಗಾಡಿಯವನ ಜೊತೆ, ಸರದಿಯಂತೆ ಮೂಗುದಾರ ಹಿಡಿಯುತ್ತ, ಊರಿಗೆ ಹೊರಟೆ, ಅವ್ವ ತಂಗಿಯ ಹತ್ತಿರ ಉಳಿದಳು. ಮಸ್ಕಿ ತಲುಪಿ ಎತ್ತಿಗೆ ನೀರು ಕುಡಿಸುತ್ತಿರುವಾಗಲೇ ದೊಡ್ಡಪ್ಪ ಬಂದ. ಅವನ ಹಿಂದೆ ಅವನ ಎತ್ತೂ ಇತ್ತು. ಮಂಗಳವಾರ, ಗಾಣ ನಿಂತಿತ್ತು. ಅಜ್ಜಿ ಮಗನನ್ನು ನೋಡಿದಳು. ಅಕ್ಕಪಕ್ಕದವರು ಮತ್ತೆ ಕೂಡಿಸಿಟ್ಟಿದ್ದ ತೊಲೆಗೆ ನಮ್ಮ ಎತ್ತು ಕಟ್ಟಿ, ನನಗೆ ಒರಳಿಗೆ ಕಾಳು ಸುರಿಯಲು ಹೇಳಿ, ಆ ವಯಸ್ಸಿನಲ್ಲಿ ಸೀರೆ ಕಚ್ಚೆ ಬಿಗಿದು ತೊಲೆ ಹತ್ತಿ ಕೂತಳು. ರಕ್ತದ ಕಲೆ ಇನ್ನೂ ತೊಳೆದಿರಲಿಲ್ಲ, ಅದರ ಪಕ್ಕದಲ್ಲೇ ಕೂತಳು. ಗಾಣ ಒಂದು ಸುತ್ತು ಬಂದು ದೊಡ್ಡಪ್ಪನ ಎದುರಿಗೆ ಬಂದಾಗ, "ನಡದೈತಿ ನೋಡು" ಎಂದಳು. ದೊಡ್ಡಪ್ಪ ಇನ್ನೆರಡು ಸುತ್ತು ನಿಂತಿದ್ದು ತನ್ನ ಎತ್ತು ಹೊಡೆದುಕೊಂಡು ಹೋದ. ಮತ್ತೆ ಆ ಮಾತು ಎತ್ತಲಿಲ್ಲ.

ಅಜ್ಜಿ ಆಮೇಲೆ ಸಾಯುವ ತನಕ ಕೋಣದ ಮಾತನ್ನೇ ಆಡಲಿಲ್ಲ. ಅದು ಹಳ್ಳದಿಂದ ತಾನಾಗಿಯೇ ಮರಳಿ ಬಂದು ನಿಂತಿತ್ತು, ಅದರದೇನು ತಪ್ಪು. ಯಾರೋ ಬಳಗಾನೂರಿನವರು ಹೊಡೆದುಕೊಂಡು ಹೋದರು. ಗುತ್ತೇದಾರನಿಗೆ ಅವ್ವ ಆಗುವುದಿಲ್ಲವೆಂದು ಹೇಳಿ ಕಳಿಸಿದಳು. ಅವನು ಮರುಕಪಟ್ಟು, ಬೇರೆ ಕಡೆ ಎಣ್ಣೆ ಗೊತ್ತು ಮಾಡಿಕೊಂಡ. ಊರಿನ ಬಾಯಿಯಲ್ಲಿ ಗಂಡಸಿನಂಥ ಹೆಣ್ಣುಮಗಳು ಹೋಗಿ, ಮಕ್ಕಳಿಗಿಂತ ಗಾಣವೇ ಹೆಚ್ಚಾದವಳು ಬಂದಳು. ಹೇಳಿದವರೆಲ್ಲ ಅವಳ ಎಣ್ಣೆಯಲ್ಲೇ ಒಗ್ಗರಣೆ ಹಾಕಿಕೊಂಡು ಹೇಳಿದರು.

ತಂಗಿ ಮನೆಗೆ ಬಂದದ್ದು ಗಾಯ ಒಂದಿಷ್ಟು ಮಾಯ್ದ ಮೇಲೆ. ಬಂದ ಮರುದಿನ ಬೆಳಿಗ್ಗೆ ಅವ್ವ ಎತ್ತನ್ನು ಗಾಣಕ್ಕೆ ಕಟ್ಟಿ, ಹಾಗೆಯೇ ನಿಲ್ಲಿಸಿ ಒಳಗೆ ಬಂದಳು. ತಂಗಿಯ ಬಟ್ಟೆ ಬಿಚ್ಚಿ, ಮೈ ಒರೆಸಿ, ಕೈಯ ಪಟ್ಟಿ ಬದಲಿಸಿ, ಬಿಸಿಲಿಗೆ ಕೂರಿಸಿ ತಲೆ ಬಾಚಿದಳು, ಸಾವಕಾಶ. ಅದರ ಮರುದಿನವೂ ಹಾಗೇ. ಮೂರನೆಯ ದಿನವೂ. ಹೊರಗೆ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕಾಯುತ್ತಿತ್ತು, ಕಾಳು ತಂದ ಹೆಂಗಸರೂ ಕಾಯುತ್ತಿದ್ದರು. ಅವ್ವ ಯಾರಿಗೂ ಯಾವ ಕಾರಣವನ್ನೂ ಹೇಳಲಿಲ್ಲ.

ತಂಗಿ ಕಣ್ಣು ಮುಚ್ಚಿ ಕೂತಿದ್ದವಳು, ಎಡಗೈಯಿಂದ ಜಡೆ ಮುಟ್ಟಿ ನೋಡಿಕೊಂಡು ಕೇಳಿದಳು.

"ಎವ್ವಾ, ಇವತ್ತೂ ಸೋಮವಾರ ಏನು?"

ಅವ್ವನ ಕೈ ನಿಂತಿತು. ನಾನು ರೊಟ್ಟಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ, ಅವ್ವನ ಮುಖ ನನಗೆ ಕಾಣುತ್ತಿತ್ತು, ತಂಗಿಗೆ ಕಾಣುತ್ತಿರಲಿಲ್ಲ.

"ಹೂಂ, ಯವ್ವಾ" ಎಂದಳು ಅವ್ವ. "ಇನ್ನ ದಿನಾ ಸೋಮವಾರನ."

ತಂಗಿಗೆ ಖುಷಿಯಾಯಿತು. ನನ್ನ ಕಡೆ ನೋಡಿ ನಕ್ಕಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದು ಅದೊಂದನ್ನೇ.