ಹಣೆಗೆ ಕುಂಕುಮವಿಟ್ಟ ಅಪರಿಚಿತೆ

ಆಗೆಲ್ಲ ಮಧ್ಯಾಹ್ನದ ಫ್ಯಾಕ್ಟರಿ ಸೈರನ್ನು ಹಲಸೂರಿನ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. 1999ರ ಶ್ರಾವಣದ ಒಂದು ಶುಕ್ರವಾರ ಅದು ನಿಲ್ಲುವುದಕ್ಕೂ ಗೇಟಿನ ಚಿಲಕ ಸದ್ದಾಗುವುದಕ್ಕೂ ಸರಿಹೋಯಿತು.

ಆ ವರ್ಷ ನಮ್ಮ ಕಡೆ ಒಂಟಿಯಾಗಿದ್ದ ಮೂವರು ಹೆಂಗಸರು ತಮ್ಮ ಮನೆಯಲ್ಲೇ ಕೊಲೆಯಾಗಿದ್ದರು. ಒಡವೆ ಹೋಗಿತ್ತು, ಬಾಗಿಲು ಮಾತ್ರ ಮುರಿದಿರಲಿಲ್ಲ. ಕೊಲೆಗಾರ ಎಂದರೆ ಕಾಂಪೌಂಡ್ ಹಾರುವ ಗಂಡಸು ಎಂದೇ ನನ್ನ ಕಲ್ಪನೆ. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಟೀಚರ್ ಆಗಿ ರಿಟೈರ್ ಆಗಿದ್ದ ನನಗೆ ನಾನು ಬಹಳ ಕೇರ್‌ಫುಲ್ ಎಂಬ ಹೆಮ್ಮೆ ಬೇರೆ.

ಬಂದವಳು ನಲವತ್ತರ ಹೆಂಗಸು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಲೋಟ ಪಾನಕ. "ನಮ್ಮನೇಲಿ ಪೂಜೆ ಅಮ್ಮಾ, ತಗೊಳ್ಳಿ" ಎಂದಳು.

"ನಮ್ಮ ಯಜಮಾನ್ರು ಹೋಗಿ ಎಂಟು ವರ್ಷ ಆಯ್ತಮ್ಮ. ನನಗೆ ಇದೆಲ್ಲ ಕೊಡಲ್ಲ."

"ಗೊತ್ತು. ನಿಮ್ಮನ್ನ ಯಾರೂ ಕರೆಯಲ್ಲ ಅಂತಾನೇ ಬಂದೆ."

ಹಣೆಗೆ ಕುಂಕುಮವಿಟ್ಟಳು. ನಿಜ ಹೇಳುತ್ತೇನೆ, ಆ ತಣ್ಣನೆಯ ಬೆರಳಿಗೆ ನನ್ನ ಕಣ್ಣು ತುಂಬಿಬಂತು. ಒಳಗೆ ಕರೆದು ಕೂರಿಸಿದೆ. ಪಕ್ಕದ ಮನೆಯ ಸ್ಟೆಲ್ಲಾ ಕೂಡ ಗಂಡನನ್ನು ಕಳೆದುಕೊಂಡವಳು. "ಇರು, ಅವಳನ್ನೂ ಕರೀತೀನಿ, ಶೇರ್ ಮಾಡ್ಕೋತೀವಿ" ಎಂದು ಲೋಟ ಹಿಡಿದುಕೊಂಡೇ ಕಿಟಕಿಯಿಂದ ಕೂಗಿದೆ.

"ಬೇಡ! ನಿಮಗೆ ಮಾತ್ರ ತಂದಿದ್ದು." ಅವಳ ದನಿಯೇ ಬದಲಾಯಿತು. ಲೋಟಕ್ಕೆ ಕೈ ಹಾಕಿದಳು. ನಾನು ಬಿಡಲಿಲ್ಲ. ಪಾನಕ ಚೆಲ್ಲಿತು. ಸ್ಟೆಲ್ಲಾ "ಏನ್ ಟೀಚರ್, ಪಾರ್ಟಿನಾ?" ಎಂದು ಬರುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಲೋಟದಲ್ಲಿ ಉಳಿದದ್ದನ್ನು ಹಾಗೇ ಸ್ಟೇಷನ್ನಿಗೆ ಒಯ್ದೆವು. ಇನ್‌ಸ್ಪೆಕ್ಟರ್ ನಕ್ಕರು. "ಒಡವೆ ಲಾಕರ್‌ನಲ್ಲಿಡಿ ಮೇಡಂ, ಅಷ್ಟೇ."

"ಸತ್ತವರ ಹಣೇಲಿ ಕುಂಕುಮ ಇತ್ತೇನ್ರೀ?" ಎಂದು ಕೇಳಿದೆ.

ಅವರ ನಗು ನಿಂತಿತು. "ಇತ್ತು. ಪೇಪರ್‌ನವರಿಗೂ ಹೇಳಿಲ್ಲ. ನಿಮಗ್ಹೇಗೆ ಗೊತ್ತು? ದೇವಸ್ಥಾನಕ್ಕೆ ಹೋಗಿರ್ತಾರೆ ಅಂದ್ಕೊಂಡ್ವಿ."

"ಮೂವರೂ ಗಂಡ ಇಲ್ಲದವರು. ಯಾರು ಇಟ್ರು ಅಂತ ಕೇಳ್ಬೇಕಿತ್ತು. ಅವಳು ಹುಡುಕೋದು ಬರೀ ಬಂಗಾರ ಅಲ್ಲ ಸಾರ್. ಯಾರೂ ಕರೆಯದೆ ಮನೇಲಿ ಕೂತಿರೋರನ್ನ."

ಪರೀಕ್ಷೆ ಮಾಡಿಸಿದಾಗ ಪಾನಕದಲ್ಲಿ ವಿಷವಿತ್ತು. ಅದು ತಿಳಿದ ಮೇಲೆ ನಾನೂ ಸ್ಟೆಲ್ಲಾಳೂ ಸುಮ್ಮನೆ ಕೂರಲಿಲ್ಲ. ಹಲಸೂರಿನಿಂದ ಇಂದಿರಾನಗರದವರೆಗೆ ಗಂಡ ಹೋದ ಹೆಂಗಸರ ಮನೆ ಮನೆಗೆ ಹೋಗಿ ಹೇಳಿದೆವು. ಕೆಲವರು ಬಾಗಿಲು ಹಾಕಿಕೊಂಡರು. "ಕುಂಕುಮ ಕೊಡೋರನ್ನೂ ಅನುಮಾನಿಸೋದಾ?" ಎಂದು ಬೈದವರೂ ಉಂಟು. ಇಂದಿರಾನಗರದಲ್ಲಿ ಹಾಗೆ ಬೈದಿದ್ದ ಒಬ್ಬರೇ ಮರುವಾರ ಕುಂಕುಮದ ತಟ್ಟೆ ಹಿಡಿದು ಬಂದ ಅವಳನ್ನು ಕೂರಿಸಿ, ಮಾತಿಗೆಳೆದು, ಒಳಗಿನಿಂದ ಪೊಲೀಸರಿಗೆ ಫೋನ್ ಮಾಡಿದರು.

ಗುರುತು ಹಿಡಿಯಲು ನನ್ನನ್ನು ಕರೆಸಿದರು. ನನ್ನ ಬರಿಯ ಹಣೆ ನೋಡಿ ಅವಳು ಮೆಲ್ಲಗೆ ಕೇಳಿದಳು: "ಆಮೇಲೆ ಯಾರಾದ್ರೂ ಕರೆದ್ರಾ ಅಮ್ಮಾ?"

ಯಾರೂ ಕರೆದಿರಲಿಲ್ಲ.

"ಬರೋ ಶುಕ್ರವಾರ ನಮ್ಮನೇಲೇ ಅರಿಶಿನ ಕುಂಕುಮ" ಎಂದೆ. "ಗಂಡ ಹೋದವರನ್ನೆಲ್ಲ ನಾನೇ ಕರೀತಿದೀನಿ. ಪ್ರತಿ ವರ್ಷ ಕರೀತೀನಿ."

ಅವಳು ತಲೆ ತಗ್ಗಿಸಿದಳು. ಪೇದೆ ಅವಳನ್ನು ಒಳಗೆ ಕರೆದೊಯ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.