ಅಂಗೈಗೆ ಬಂದ ದೋಣಿಯ ಸುದ್ದಿ

ಸುನಂದಾ ಟೀಚರಿಗೆ, ಅಂದರೆ ನನಗೆ, ಬಾಯಿ ಜೋರು ಎಂದು ಇಳಕಲ್ಲಿನ ನಮ್ಮ ಓಣಿಯವರು ಹೇಳುತ್ತಾರೆ. ಹೇಳಲಿ. ಕಿವಿ ಮಂದವಾದ ಗಂಡನೊಂದಿಗೆ ಹತ್ತು ವರ್ಷ ಸಂಸಾರ ಮಾಡಿ, ಆ ಸಂಗತಿಯನ್ನು ಊರಿಗೆಲ್ಲ ಮುಚ್ಚಿಟ್ಟು ನೋಡಲಿ. ಆಮೇಲೆ ಯಾರ ಬಾಯಿ ಮೆತ್ತಗಿರುತ್ತದೋ ನಾನೂ ನೋಡುತ್ತೇನೆ.

ನನ್ನ ಗಂಡ ವಿಜಯಮಹಾಂತೇಶ ಗ್ರಾನೈಟ್ ಪಾಲಿಶ್ ಮಾಡುವವರು. ಇಪ್ಪತ್ತಾರು ವರ್ಷ ಯಂತ್ರಗಳ ಅಬ್ಬರದ ನಡುವೆ ನಿಂತಿದ್ದಾರೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಹಾಗಾಗಿ ಇವರ ಕಿವಿ ಹೋದದ್ದು ಜೊತೆಯವರಿಗೆ ಗೊತ್ತೇ ಆಗಲಿಲ್ಲ. ಕೆಂಪು ಕಲ್ಲಿನ ಹಲಗೆಯ ಮೇಲೆ ಇವರು ಅಂಗೈ ಸವರಿದರೆ ಸಾಕು, ಕಣ್ಣಿಗೆ ಕಾಣದ ಗೀರು ಕೈಗೆ ಸಿಗುತ್ತದೆ. ಅಂಗಡಿ, ದವಾಖಾನೆ, ಮದುವೆಮನೆ, ಎಲ್ಲಿ ಯಾರು ಏನು ಕೇಳಿದರೂ ಇವರ ಪರವಾಗಿ ನಾನೇ ಉತ್ತರ ಕೊಡುತ್ತಿದ್ದೆ. ಗಂಡನಿಗೆ ಬಾಯಿ ತೆರೆಯಲು ಬಿಡದ ಹೆಂಗಸು ಎಂಬ ಬಿರುದೂ ಅಲ್ಲಿಂದಲೇ ಬಂತು.

ಇಂಥ ಮನುಷ್ಯನಿಗೆ ಐವತ್ತು ಹತ್ತಿರ ಬಂದಾಗ ದೋಣಿಯ ಹುಚ್ಚು ಹಿಡಿಯಿತು. ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಎರಡೂವರೆ ಅಡಿಯ ಫೈಬರ್ ದೋಣಿ, ಒಳಗೆ ಮುಷ್ಟಿಗಾತ್ರದ ಮೋಟರು, ಬ್ಯಾಟರಿ. ದಂಡೆಯ ಮೇಲೆ ನಿಂತು ರಿಮೋಟಿನಿಂದ ಓಡಿಸಬೇಕು. ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಗಣಿಯೊಂದಿದೆ. ಮಳೆನೀರು ನಿಂತು ಕೆರೆಯಾಗಿದೆ. ಮೂರು ಕಡೆ ಕಡಿದಾದ ಕೆಂಪು ಗೋಡೆ, ಒಂದು ಕಡೆ ಹಿಂದೆ ಲಾರಿ ಇಳಿಯುತ್ತಿದ್ದ ಜಾರು ದಾರಿ, ಎಂಬತ್ತು ಅಡಿ ನೀರು. ಅಲ್ಲಿ ಮುಳುಗಿದ್ದನ್ನು ಮರೆತುಬಿಡಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದದಿಂದ ಏಳೆಂಟು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸೇರಿ ಪಂದ್ಯ ಹಚ್ಚುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಬ್ಯಾಟರಿ, ಇಪ್ಪತ್ತು ನಿಮಿಷ. ನೀರಿನಲ್ಲಿ ತೇಲಿಬಿಟ್ಟ ಮೂರು ಬಿಳಿ ಕ್ಯಾನುಗಳ ಸುತ್ತ ಹೆಚ್ಚು ಸುತ್ತು ಹಾಕಿದವರು ಗೆದ್ದಂತೆ. ಜೋರು ಮಾಡಿದರೆ ಬ್ಯಾಟರಿ ನಡುನೀರಿನಲ್ಲೇ ಕೈಕೊಡುತ್ತದೆ. ಮೆಲ್ಲಗೆ ಹೋದರೆ ಸೋಲು ಖಂಡಿತ.

ಉಳಿದವರು ಮೋಟರಿನ ದನಿ ಕೇಳಿಯೇ ಅದರ ಕಷ್ಟಸುಖ ತಿಳಿಯುತ್ತಿದ್ದರು. ಇವರಿಗೆ ಆ ಭಾಗ್ಯವಿಲ್ಲ. ಮೊದಲನೇ ದೋಣಿ ಸುಟ್ಟು ಮುಳುಗಿದಾಗ "ವೈರಿಂಗ್ ತಪ್ಪಿತ್ರಿ" ಎಂದು ಎಲ್ಲರೆದುರು ಸುಳ್ಳು ಹೇಳಿದರು. ನಾನೂ ಪಕ್ಕದಲ್ಲಿ ನಿಂತು ಹೌದು ಹೌದು ಅಂದೆ.

ಎರಡನೇ ದೋಣಿಗೆ ಟೆಲಿಮೆಟ್ರಿ ಕೂಡಿಸಿದರು. ಅದೊಂದು ಸೊಗಸಾದ ವ್ಯವಸ್ಥೆ! ದೋಣಿಯೊಳಗೆ ಕೂತ ಚಿಕ್ಕ ಸೆನ್ಸರುಗಳು ಬ್ಯಾಟರಿಯ ವೋಲ್ಟು, ಮೋಟರು ಎಳೆಯುವ ಕರೆಂಟು, ಒಳಗಿನ ಬಿಸಿ ಎಲ್ಲವನ್ನೂ ಅಳೆಯುತ್ತವೆ. ತಂತಿಯ ಗೊಡವೆಯಿಲ್ಲದೆ ಕ್ಷಣಕ್ಷಣದ ಲೆಕ್ಕ ಕೈಯಲ್ಲಿರುವ ರಿಮೋಟಿನ ಪರದೆಗೆ ಬರುತ್ತದೆ. ಓಡುವ ದೋಣಿಯಿಂದ ಕಣ್ಣು ತೆಗೆದು ಪರದೆ ನೋಡಲಾಗುವುದಿಲ್ಲವಲ್ಲ, ಅದಕ್ಕೇ ಮಿತಿ ಮೀರಿದೊಡನೆ ರಿಮೋಟೇ ಹೆಣ್ಣುದನಿಯಲ್ಲಿ ಕೂಗಿ ಎಚ್ಚರಿಸುತ್ತದೆ.

ಈ ಮಹಾಶಯರು ಆ ಕೂಗನ್ನೇ ನಂಬಿ ಪಂದ್ಯಕ್ಕಿಳಿದರು. ಕಿವಿ ಕೇಳದವರು! "ನಾಕ್ ಮಂದಿ ಹ್ಯಾಂಗ ಇಟ್ಕೋತಾರ ಹಂಗ ಇಟ್ಟೇನಿ" ಎಂಬ ಸಮಜಾಯಿಷಿ ಬೇರೆ. ಹನ್ನೆರಡನೇ ನಿಮಿಷಕ್ಕೆ ರಿಮೋಟು ಕಿರುಚತೊಡಗಿತು. ಗಣಿಯ ಮೂರೂ ಗೋಡೆಗಳಿಗೆ ಬಡಿದು ಆ ಹೆಣ್ಣಿನ ದನಿ ಮಾರ್ದನಿಗೊಟ್ಟಿತು. ದಂಡೆಯ ಮೇಲಿದ್ದವರೆಲ್ಲ ನಿಲ್ಲಿಸಿ, ನಿಲ್ಲಿಸಿ ಎಂದು ಕೈ ಬೀಸಿದರು. ತಮ್ಮನ್ನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡ ಇವರು ನಗುತ್ತ ತಾವೂ ಒಂದು ಕೈ ಬೀಸಿ ವೇಗ ಇನ್ನಷ್ಟು ಏರಿಸಿದರು. ನಾನು ಓಡಿಹೋಗಿ ರಟ್ಟೆ ಹಿಡಿಯುವಷ್ಟರಲ್ಲಿ ದೋಣಿಯಿಂದ ಹೊಗೆ ಎದ್ದಿತ್ತು. ಮೂತಿ ಮೇಲೆ ಮಾಡಿ ಅದು ಮುಳುಗುವುದನ್ನು ಎಲ್ಲರೂ ನಿಂತು ನೋಡಿದೆವು. ಆ ನಗು ಅವರ ಮುಖದಿಂದ ಇಳಿದುಹೋದ ಬಗೆಯನ್ನು ನಾನಿನ್ನೂ ಮರೆತಿಲ್ಲ.

ಬಾಗಲಕೋಟೆಯ ಶಿರೀಷ ಸರ್ ಕಾಲೇಜಿನಲ್ಲಿ ಪಾಠ ಹೇಳುವವರು, ಆ ಗುಂಪಿನ ಹಿರಿಯರು. ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದರು. "ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ಅವರ ಕೈಯಾಗ ಭಾಳ ಕಸಬು ಅದ, ದೋಣಿ ಅವ್ರು ಕಟ್ಟಲಿ. ಎಷ್ಟ್ ಒದರಿದ್ರೂ ಹುರುಪಿನಾಗ ನಿಲ್ಸೂದಿಲ್ಲ ಅವ್ರು, ಓಡ್ಸೂದು ಬ್ಯಾರೆ ಯಾರಾದ್ರೂ ಓಡಿಸ್ಲಿ."

ನನಗೆ ಮೈಯೆಲ್ಲ ಉರಿಯಿತು. ಅವರ ಮಾತು ತಪ್ಪಾಗಿರಲಿಲ್ಲವೆಂದು ಇನ್ನೂ ಹೆಚ್ಚು ಉರಿಯಿತು. ಮನೆಗೆ ಬಂದವಳೇ ಗಂಡನ ಎದುರು ನಿಂತು ಹೇಳಿಬಿಟ್ಟೆ: "ಆ ರಿಮೋಟಿನಾಕಿ ಒದರಿದ್ದು ಇಡೀ ಗಣಿಗೆ ಕೇಳ್ತು, ನಿಮಗೊಬ್ಬರಿಗೆ ಕೇಳ್ಲಿಲ್ಲ. ಎಷ್ಟ್ ದಿವಸ ಮುಚ್ಚಿಡ್ತೀರಿ?"

ಅವರು ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದರು. ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟು, "ಇನ್ನೊಂದು ದೋಣಿ ಕಟ್ಟತೇನಿ. ಅದೂ ನಡುನೀರಾಗ ಕೈಕೊಡ್ತಂದ್ರ ರಿಮೋಟ್ ಬ್ಯಾರೆಯವರ ಕೈಗೆ ಕೊಟ್ಟುಬಿಡ್ತೇನಿ, ಮತ್ತ ಹಿಡಿಯೂದಿಲ್ಲ" ಎಂದರು. ಆಡಿದರೆ ಆಡಿದಂತೆ ನಡೆಯುವ ಮನುಷ್ಯ. ಆ ಮಾತು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೂರನೇ ದೋಣಿ ಸಿದ್ಧವಾದಾಗ ರಿಮೋಟನ್ನು ನಾನೇ ಜುಲೇಖಾಳ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮುಂದೆ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದೆ. ರಿಮೋಟಿನ ಗುಂಡಿಗಳನ್ನು ನಾಲ್ಕು ಸಲ ಒತ್ತಿ ನೋಡಿ ಅವಳು ಹಣೆ ಬಡಿದುಕೊಂಡಳು.

"ಟೀಚರ್, ಇದ್ರಾಗ ವೈಬ್ರೇಶನ್ ಐತ್ರಿ! ಫೋನ್ ನಡುಗ್ತೈತಲ್ರಿ, ಹಂಗ. ಕಾಕಾ ಅದನ್ನ ಬಂದ್ ಮಾಡಿ ಇಟ್ಟಾರ."

ಅರ್ಧ ತಾಸಿನಲ್ಲಿ ಅವಳು ಆ ಹೆಣ್ಣುದನಿಯನ್ನು ಕಿತ್ತೊಗೆದು ನಡುಕ ಕೂಡಿಸಿದಳು. ಕರೆಂಟು ಹೆಚ್ಚು ಎಳೆದರೆ ಒಂದು ನಡುಕ, ಒಳಗೆ ಬಿಸಿಯಾದರೆ ಎರಡು, ಬ್ಯಾಟರಿ ಹದಿನಾಲ್ಕು ವೋಲ್ಟಿಗೆ ಇಳಿದರೆ ಬಿಡದೆ ನಡುಕ. ಅಂದೇ ಸಂಜೆ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ದೋಣಿಯ ಬಾಲಕ್ಕೆ ಹಗ್ಗ ಕಟ್ಟಿ ಮೋಟರು ತಿರುಗಿಸಿದೆವು. ರಿಮೋಟು ಇವರ ಅಂಗೈಯಲ್ಲಿ ಗುರ್ರೆಂದಿತು. ಇವರ ಕಣ್ಣು ಅಷ್ಟಗಲವಾಯಿತು!

"ಸುನಂದಾ, ಇದು ಮಾತಾಡಾಕತ್ತೈತಿ!"

ಮೂರು ವಾರ ಇದೇ ಆಟ. ಇವರು ಪರದೆಯನ್ನು ನನ್ನ ಕಡೆ ತಿರುಗಿಸಿ ಹಿಡಿದು ನಡುಕವೊಂದರಿಂದಲೇ ಹೇಳುವುದು, ನಾನು ಅಂಕಿ ನೋಡಿ ಹೌದೋ ಅಲ್ಲವೋ ಎನ್ನುವುದು. ಮೂರನೇ ವಾರಕ್ಕೆ ನನಗೆ ತಪ್ಪು ಹುಡುಕಲು ಆಗಲೇ ಇಲ್ಲ. ಕಲ್ಲಿನ ಗೀರು ಹಿಡಿಯುವ ಕೈಗೆ ಇದೇನು ದೊಡ್ಡದು!

ಪಂದ್ಯದ ದಿನ ಗಣಿಯ ದಂಡೆ ಜನರಿಂದ ತುಂಬಿತ್ತು. ಏಳು ದೋಣಿಗಳು ನೀರಿಗಿಳಿದವು. ನಾನು ದಂಡೆಯ ಬಂಡೆಯ ಮೇಲೆ ಕೂತೆ, ಕೂತೆನೆಂಬುದು ಹೆಸರಿಗೆ. ಸೀಟಿ ಊದಿದೊಡನೆ ಎದ್ದು ನಿಂತವಳು ಮತ್ತೆ ಕೂರಲಿಲ್ಲ. ಏಳೂ ದೋಣಿಗಳು ನೀರು ಚಿಮ್ಮಿಸುತ್ತ ಮೊದಲ ಕ್ಯಾನಿಗೆ ನುಗ್ಗಿದವು. ಅಬ್ಬಾ, ಆ ಓಟವೇ!

ಒಂಬತ್ತನೇ ನಿಮಿಷ. ನಮ್ಮ ಹಳದಿ ದೋಣಿ ಇದ್ದಕ್ಕಿದ್ದಂತೆ ನಿಧಾನವಾಯಿತು. ನಾನು ಎರಡು ಹೆಜ್ಜೆ ನೀರಿನತ್ತ ಓಡಿದೆ. ಇವರು ಹೆದರಿರಲಿಲ್ಲ. ಕೈಗೆ ಒಂದು ನಡುಕ ಬಂದಿತ್ತು, ದೋಣಿ ತಳ್ಳುವ ನೀರೊಳಗಿನ ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. ವೇಗ ಪೂರ್ತಿ ಬಿಟ್ಟು, ಫ್ಯಾನನ್ನು ಎರಡು ಸಲ ಹಿಮ್ಮುಖ ತಿರುಗಿಸಿ ಝಾಡಿಸಿದರು. ಪ್ಲಾಸ್ಟಿಕ್ಕಿನ ಚೂರೊಂದು ಹಿಂದೆ ತೇಲಿ ಬಂತು, ದೋಣಿ ಮತ್ತೆ ಚಿಮ್ಮಿತು. "ಭಲೇ!" ಎಂದು ಯಾರೋ ಕೂಗಿದರು. ನಾನೇ ಇರಬೇಕು.

ಹದಿನೆಂಟನೇ ನಿಮಿಷಕ್ಕೆ ನಾಲ್ಕು ದೋಣಿಗಳು ಬ್ಯಾಟರಿ ಮುಗಿದು ನಿಂತಲ್ಲೇ ತೇಲುತ್ತಿದ್ದವು. ಮುಂದಿದ್ದುದು ಶಿರೀಷ ಸರ್ ಅವರ ನೀಲಿ ದೋಣಿ. ಅವರು ಟೆಲಿಮೆಟ್ರಿ ಇಟ್ಟವರಲ್ಲ, ಗಡಿಯಾರ ಮತ್ತು ಕಿವಿ ನಂಬಿದವರು. ಇಪ್ಪತ್ತಾರನೇ ಸುತ್ತಿನ ನಡುವೆ ಆ ನೀಲಿ ದೋಣಿ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು! ಹಿಂದೆಯೇ ನಮ್ಮದು ಇಪ್ಪತ್ತೈದು ಮುಗಿಸಿ ಬಂತು. ಇನ್ನೊಂದು ಸುತ್ತು, ಒಂದೇ ಒಂದು, ಮುಗಿದರೆ ಗೆಲುವು. ನಡುನೀರಿನಲ್ಲಿ ನಿಂತರೆ ಇವರ ಕೈಯಿಂದ ರಿಮೋಟು ಹೋಯಿತು.

ಎರಡನೇ ಕ್ಯಾನಿನ ಬಳಿ ಇವರ ಭುಜ ಬಿಗಿಯಾಯಿತು. ನನಗೆ ಗೊತ್ತಾಯಿತು, ಕೈಯಲ್ಲಿ ಬಿಡದೆ ನಡುಕ ಶುರುವಾಗಿದೆ. ಜನ "ಜೋರ್ ಮಾಡ್ರಿ, ಜೋರ್ ಮಾಡ್ರಿ!" ಎಂದು ಕೈ ಬೀಸಿದರು. ಕಳೆದ ಸಲದ ಹಾಗೆಯೇ ಕೈಗಳು, ಹಾಗೆಯೇ ಗದ್ದಲ. ಇವರು ಆ ಕಡೆ ನೋಡಲೂ ಇಲ್ಲ. ವೇಗವನ್ನು ಒಂದಿಷ್ಟೇ ಇಳಿಸಿದರು. ಭಾರ ಕಡಿಮೆಯಾದೊಡನೆ ಬ್ಯಾಟರಿಗೆ ಉಸಿರು ಬಂದಿರಬೇಕು, ಭುಜ ಸಡಿಲಾಯಿತು. ಮತ್ತೆ ಸ್ವಲ್ಪ ಏರಿಸಿದರು, ಮತ್ತೆ ಬಿಗಿಯಾಯಿತು, ಮತ್ತೆ ಇಳಿಸಿದರು. ಹೀಗೆ ತೆವಳಿಸುತ್ತ, ಮೂರನೇ ಕ್ಯಾನು ದಾಟಿಸಿ, ಇಪ್ಪತ್ತು ಸೆಕೆಂಡು ಉಳಿದಿರುವಾಗ ದೋಣಿಯನ್ನು ಗೆರೆ ದಾಟಿಸಿದರು! ನಾನು ಕುಣಿದೆ. ಐವತ್ತರ ಹತ್ತಿರದ ಟೀಚರು ಗಣಿಯ ದಂಡೆಯ ಮೇಲೆ ಕುಣಿದಳೆಂದು ಊರು ಆಡಿಕೊಳ್ಳಲಿ.

ಶಿರೀಷ ಸರ್ ಹಿಂದಿನಿಂದ ಬಂದು ಏನೋ ಹೇಳಿದರು. ಇವರು ತಿರುಗಲಿಲ್ಲ, ದೋಣಿಯನ್ನು ದಂಡೆಗೆ ತರುತ್ತಿದ್ದರು. ಸರ್ ಮುಖ ಸಣ್ಣದಾಯಿತು. ಗೆದ್ದ ಸೊಕ್ಕು ಎಂದುಕೊಂಡರೋ ಏನೋ, ಹೊರಟುನಿಂತರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ನನ್ನ ಮುಖ ನೋಡಿದರು, ತಿರುಗಿ ಸರ್ ಅವರನ್ನೂ ನೋಡಿದರು.

"ಶಿರೀಷ ಸರ್," ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನನಗ ಕಿವಿ ಕೇಳ್ಸೂದಿಲ್ರಿ. ಹತ್ತು ವರ್ಷ ಆತು. ಮುಂದ ಬಂದು ಇನ್ನೊಮ್ಮೆ ಹೇಳ್ರಿ."

ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಶಿರೀಷ ಸರ್ ಸುತ್ತು ಹಾಕಿ ಬಂದು ಇವರ ಎದುರು ನಿಂತು, ಇವರ ಕೈಯಲ್ಲಿ ಗುರ್ರೆನ್ನುತ್ತಿದ್ದ ರಿಮೋಟಿಗೆ ಬೆರಳು ತೋರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ನನ್ನ ದೋಣಿಗೂ ಈ ನಡುಗೂದನ್ನ ಕೂಡ್ಸಿ ಕೊಡ್ತೀರೇನು?"

"ಕೊಡ್ತೇನ್ರಿ. ಬರೂ ಐತವಾರ ಮನಿಗೆ ಬರ್ರಿ."