ದ್ರಾಕ್ಷಿಬುಟ್ಟಿಯಲ್ಲಿ ಬಂದ ಬೊಂಬಾಯಿ ಸುಂದರಿ

ಮೊಣಕಾಲಿಗೆ ಮುಲಾಮು ಕೊಳ್ಳಲೆಂದು ಹೊರಟವಳು ಮೊನ್ನೆ ದಿಂಡಿಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ನಿಂತುಬಿಟ್ಟೆ. ಯಾರೋ ಒಬ್ಬಾಕೆ ಪನ್ನೀರು ದ್ರಾಕ್ಷಿಯ ಬುಟ್ಟಿ ಇಳಿಸಿದಳು ನೋಡಿ, ಅಷ್ಟೇ. ದ್ರಾಕ್ಷಿಯ ಸಿಹಿ, ಒದ್ದೆ ಬಿದಿರು, ಅದರ ಹಿಂದೆಯೇ ಹಳೇ ಪೇಪರಿನ ಮಸಿಯ ವಾಸನೆ. ಈಗ ಬುಟ್ಟಿಗೆ ಯಾರು ಪೇಪರು ಹಾಸುತ್ತಾರೆ? ಎಲ್ಲ ಪ್ಲಾಸ್ಟಿಕ್ಕು. ಆದರೂ ನನ್ನ ಈ ಚಪ್ಪಟೆ ಮೂಗಿಗೆ ಮಸಿಯೇ ಬಡಿಯಿತು.

ನಮ್ಮದು ಕಂಬಂ ಹತ್ತಿರದ ಕಾಮಯಗೌಂಡನ್‌ಪಟ್ಟಿ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು, ಓದುಬರಹವೂ ತಮಿಳೇ. ಈ ಅಕ್ಷರಗಳನ್ನು ನಾನು ಕಲಿತದ್ದು ತಲೆ ನರೆತ ಮೇಲೆ. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅರವತ್ತರ ದಶಕದ ಮಾತು. ದ್ರಾಕ್ಷಿ ಕೊಯ್ಲೆಂದರೆ ತೇನಿಯಿಂದ ಹಳೇ ಪೇಪರಿನ ಕಟ್ಟು ಬರುತ್ತಿತ್ತು. ಬುಟ್ಟಿಗೆ ಹಾಸುವ ಕೆಲಸ ನನ್ನ ದೊಡ್ಡಕ್ಕ ವೀರಮ್ಮನದು. ಎತ್ತರದ ಹೆಣ್ಣು, ನೀಳ ಕತ್ತು, ನಡೆದರೆ ತೋಟದ ಆಳುಗಳೆಲ್ಲ ತಿರುಗಬೇಕು. ಹೆತ್ತವ್ವ ಒಬ್ಬಳೇ ಆದರೂ ಚೆಲುವೆಲ್ಲ ಅವಳಿಗೇ ಖರ್ಚಾಗಿ, ನನಗೆ ಬಾಯಿ ಮಾತ್ರ ಉಳಿದಿತ್ತು. ಒಂದು ದಿನ ಆ ಕಟ್ಟಿನಲ್ಲಿ ಒಂದು ಚಿತ್ರ ಸಿಕ್ಕಿತು. ಇಂಡಿಯಾಕ್ಕೆಲ್ಲ ಸುಂದರಿ ಎಂದು ಬೊಂಬಾಯಿಯಲ್ಲಿ ಆರಿಸಿದ ಹುಡುಗಿ. ತಲೆಯ ಮೇಲೆ ಕಿರೀಟ, ಹೆಗಲಿಂದ ಅಡ್ಡಕ್ಕೆ ಪಟ್ಟಿ, ಎದುರಿಗೆ ಸಾಲುಸಾಲು ಕುರ್ಚಿ.

“ಇಷ್ಟೂ ಜನ ಕೂತು ಇವಳೊಬ್ಬಳ್ನೇ ನೋಡ್ತಾರಾ ಪುಳ್ಳೆ?” ಎಂದಳು ಅಕ್ಕ. ಹುಡುಗಿಯನ್ನು ನಮ್ಮ ಕಡೆ ಪುಳ್ಳೆ ಅಂತಲೇ ಕರೆಯುವುದು.

“ನೋಡಿ ಮಾರ್ಕು ಹಾಕ್ತಾರೆ,” ಎಂದೆ, ಇಸ್ಕೂಲಿನ ಜಂಭದಲ್ಲಿ.

“ಮಾರ್ಕು ಹೋಗ್ಲಿ ಬುಡು. ನೋಡ್ತಾರಲ್ಲ!”

ಅನ್ನದ ಗಂಜಿ ಸವರಿ ಅದನ್ನು ಕನ್ನಡಿಯ ಪಕ್ಕ ಗೋಡೆಗೆ ಅಂಟಿಸಿದಳು.

ಆ ಮಾತಿಗೆ ಕಾರಣವಿತ್ತು. ಅಕ್ಕನನ್ನು ಹೆಣ್ಣು ನೋಡಲು ಯಾರೂ ಬರುವಂತಿರಲಿಲ್ಲ. ನಮ್ಮವರಲ್ಲಿ ಸೋದರಮಾವನಿಗೆ ಮಗನಿದ್ದರೆ ಹೆಣ್ಣು ತೊಟ್ಟಿಲಲ್ಲೇ ಅವನದು. ಅದಕ್ಕೆ ಮೊರೆ ಅನ್ನುತ್ತಾರೆ. ಮಾವನ ಮನೆಯವರು ವೀಳ್ಯ ತಂದು ಹೆಣ್ಣು ಕೇಳಬೇಕು. ಬೇಡವಾದರೂ ವೀಳ್ಯ ತಂದೇ ಬಿಟ್ಟುಕೊಡಬೇಕು. ಅಲ್ಲಿಯವರೆಗೆ ಬೇರೆ ಗಂಡಿನವರು ನಮ್ಮ ಬೀದಿಗೂ ಕಾಲಿಡುವುದಿಲ್ಲ. ಹೆಣ್ಣಿನ ಕಡೆಯವರು ತಾವಾಗಿ ಬಾಯಿಬಿಟ್ಟರೆ ಮಾನ ಹೋಯಿತು.

ಅಕ್ಕನ ಮೊರೆಯ ಗಂಡು ಅವ್ವನ ಅಣ್ಣನ ಮಗ, ಪೆರಿಯಕುಳದ ರಂಗಮಾವ. ಕುಳ್ಳ, ಕಪ್ಪು, ನಕ್ಕರೆ ಮಾತ್ರ ಬಲು ಚಂದ. ವರ್ಷವರ್ಷವೂ ತೋಪಿನ ಮಾವಿನಹಣ್ಣು ತಂದುಕೊಟ್ಟು ದ್ರಾಕ್ಷಿ ಒಯ್ಯುತ್ತಿದ್ದ. ಆ ಸಲ ಬಂದವನು ಗೋಡೆಯ ಚಿತ್ರ ನೋಡಿದ, ಬಾಗಿಲ ಹಿಂದಿದ್ದ ಅಕ್ಕನನ್ನು ನೋಡಿದ, ಆಮೇಲೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ.

“ನೀ ಬೊಂಬಾಯಿಗ್ ಹೋಗ್ಬೇಕಾದ ಪುಳ್ಳೆ. ಈ ಕರಿಯನ ತೋಪಲ್ಲಿ ನಿಂಗೇನ್ ಕೆಲ್ಸ?” ಎಂದ, ನಕ್ಕೇ ಅಂದ.

ಮೊರೆಯ ಗಂಡಿನ ಎದುರು ಹೆಣ್ಣು ಬಾಯಿ ತೆರೆಯಬಾರದು. ಅಕ್ಕ ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದ. ಆಮೇಲೆ ಚಪ್ಪಲಿ ಮೆಟ್ಟಿ ಹೊರಟ. ಅವನ ಸೈಕಲ್ಲು ಬೀದಿ ದಾಟಿದ ಮೇಲೆ ಅಕ್ಕ ಬುಟ್ಟಿಯ ಕಡೆ ತಿರುಗಿ, “ನಂಗ್ಯಾಕೆ ಬೊಂಬಾಯಿ? ಮಾವನ ತೋಪು ಸಾಲ್ದಾ?” ಎಂದಳು. ದ್ರಾಕ್ಷಿಗೆ ಹೇಳಿ ಏನು ಬಂತು, ನೀವೇ ಹೇಳಿ.

ಮಾರನೇ ವರ್ಷ ಮಾವಿನಹಣ್ಣು ಬರಲಿಲ್ಲ. ವೀಳ್ಯವೂ ಬರಲಿಲ್ಲ, ಕೇಳುವುದಕ್ಕೂ ಇಲ್ಲ, ಬಿಡುವುದಕ್ಕೂ ಇಲ್ಲ. “ಹೋಗಿ ಒಂದ್ಮಾತು ಕೇಳವ್ವಾ,” ಎಂದು ನಾನು ಗೋಗರೆದರೆ ಅವ್ವ ಸಿಡುಕುತ್ತಿದ್ದಳು: “ಅಣ್ಣನ ಮನೆ ಬಾಗ್ಲಿಗೋಗಿ ನನ್ ಮಗಳ್ನ ತಕ್ಕೋ ಅನ್ಲಾ? ನಂಗೇನ್ ಮಾನ ಇಲ್ವಾ?” ಅವರು ನಾವು ಕೇಳಲೆಂದು ಕಾದರೋ ಏನೋ, ದೇವರಿಗೇ ಗೊತ್ತು. ಕಡೆಗೊಂದು ದಿನ ರಂಗಮಾವ ನಿಲಕ್ಕೋಟ್ಟೈಯಿಂದ ಹೆಣ್ಣು ತಂದ ಸುದ್ದಿ ಬಂತು. ಅಲ್ಲಿಗೆ ಅಕ್ಕ ಬಿಡುಗಡೆಯಾದಳು ಅಂದುಕೊಂಡಿರಾ? ಸ್ವಂತ ಮಾವನ ಮಗನೇ ಒಲ್ಲೆ ಅಂದವಳಲ್ಲಿ ಏನೋ ಐಬಿರಬೇಕು ಎಂದು ಊರು ತೀರ್ಮಾನಿಸಿತು. ಯಾರೂ ಬರಲಿಲ್ಲ.

ನನ್ನನ್ನು ನೋಡಲು ಬಂದವರಿಗೆ ಕಾಫಿ ಕಾಸಿದವಳು ಅವಳೇ. ಆವತ್ತು ಒಲೆಯ ಮುಂದೆ ಕೂತು ಅಂದಳು: “ಒಬ್ರಾದ್ರೂ ನನ್ನ ನೋಡಿ, ಬ್ಯಾಡ ಅಂದು ಹೋಗಿದ್ರೂ ಸೈ ಅಂತಿದ್ದೆ ಪುಳ್ಳೆ.” ನಾನು ರೇಷ್ಮೆ ಸೀರೆಯಲ್ಲಿ ನಿಂತು ಅತ್ತೆ. ಕಣ್ಣಿನ ಕಾಡಿಗೆ ಕೆಟ್ಟೀತೆಂದು ನನ್ನ ಮುಖ ಒರೆಸಿದವಳೂ ಅವಳೇ.

ಮೊನ್ನೆ ಮುಲಾಮು ಕೊಳ್ಳಲಿಲ್ಲ. ದ್ರಾಕ್ಷಿ ಕೊಂಡು ಕಂಬಂ ಬಸ್ಸು ಹತ್ತಿದೆ. ಗಂಡ ಹೋದ ಮೇಲೆ ನನ್ನ ಮನೆಯಲ್ಲೂ ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ. ಅಕ್ಕ ಈಗ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು.

“ಹೇಳ್ದೆ ಕೇಳ್ದೆ ಬಂದ್ಬುಟ್ಟೆ! ಏನ್ ಇಸ್ಯ ಪುಳ್ಳೆ?”

“ಏನಿಲ್ಲಕ್ಕಾ. ನಿನ್ನ ನೋಡಾಕ್ ಬಂದೆ.”

“ನೋಡಾಕಾ?”

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕೈಯ ಹುಣಸೆ ಕೆಳಗಿಟ್ಟು ಎದ್ದು ಹೋಗಿ ಮುಖ ತೊಳೆದಳು. ಬೆಳ್ಳಿಕೂದಲು ಬಾಚಿ, ಕುಂಕುಮ ಇಟ್ಟು, ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದು ನನ್ನೆದುರು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಕತ್ತು ಇನ್ನೂ ಹಾಗೇ ಇತ್ತು.

“ಹ್ಞೂಂ, ನೋಡು,” ಎಂದಳು.

ಹೊರಗೆ ನಾನು ವಾಪಸು ಹಿಡಿಯಬೇಕಿದ್ದ ದಿಂಡಿಗಲ್ಲಿನ ಬಸ್ಸು ಹಾರನ್ನು ಹೊಡೆಯಿತು. ನಾನು ಏಳಲಿಲ್ಲ.